‘85 ಡೆಸಿಬೆಲ್’ ಎಂದಷ್ಟೇ ಬರೆದರೆ ಸಾಲದು: ಶಬ್ದ ಮತ್ತು ಕಂಪನದ ಅಳತೆ ವರದಿ ಓದುವ ಬಗೆ

ಹೆದ್ದಾರಿ 66ರ ಅಗಲೀಕರಣಕ್ಕೆ ಗುಡ್ಡ ಒಡೆಯಲು ಶುರುವಾದಾಗಿನಿಂದ ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಕೇಳುತ್ತ ಬಂದಿರುವ ಪ್ರಶ್ನೆ ಒಂದೇ: ‘ಅಳತೆ ಮಾಡಿ ವರದಿ ಕೊಟ್ಟಿದ್ದಾರೆ, ಎಲ್ಲವೂ ಮಿತಿಯೊಳಗಿದೆ ಅಂತ ಬರೆದಿದೆ. ಹಾಗಾದರೆ ನಮ್ಮ ಮಾಡಿನ ಹಂಚು ಯಾಕೆ ಅದುರುತ್ತದೆ?’ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದವರ ಪ್ರಶ್ನೆ ಸ್ವಲ್ಪ ಬೇರೆ: ‘ಪಕ್ಕದವರ ಅಡಿಕೆ ಸುಲಿಯುವ ಯಂತ್ರ ಓಡುವಾಗ ಮೊಬೈಲಿನಲ್ಲಿ 90 ತೋರಿಸುತ್ತದೆ, ಅಳೆಯಲು ಬಂದವರ ಮೀಟರಿನಲ್ಲಿ 62. ಯಾವುದನ್ನು ನಂಬಬೇಕು?’

ಎರಡಕ್ಕೂ ಉತ್ತರ ವರದಿಯ ಒಳಗೇ ಇರುತ್ತದೆ, ಆದರೆ ಅಂಕಿಯಲ್ಲಿ ಅಲ್ಲ, ಅಂಕಿಯ ಹಿಂದೆ ಮುಂದೆ ಸಣ್ಣದಾಗಿ ಅಂಟಿಕೊಂಡ ಅಕ್ಷರಗಳಲ್ಲಿ. ಆ ಅಕ್ಷರಗಳನ್ನು ಬಿಟ್ಟು ಅಂಕಿಯನ್ನಷ್ಟೇ ಓದುವುದು ಊರು, ಮನೆತನ ಏನೂ ಇಲ್ಲದ ವಿಳಾಸ ಹಿಡಿದು ಮನೆ ಹುಡುಕಿದ ಹಾಗೆ. ಕೆಳಗಿನ ಹಂತಗಳನ್ನು ವರದಿ ಎದುರಿಗಿಟ್ಟುಕೊಂಡು ಓದಿ.

ಬೇಕಾಗುವುದು ಇಷ್ಟು: ವರದಿಯ ಪೂರ್ತಿ ಪ್ರತಿ (ಕೊನೆಯ ಪುಟದ ಸಾರಾಂಶ ಮಾತ್ರ ಸಾಲದು), ಉಪಕರಣದ ಕ್ಯಾಲಿಬ್ರೇಶನ್ ಪ್ರಮಾಣಪತ್ರ, ನಿಮ್ಮದೇ ಒಂದು ನೋಟ್‌ಬುಕ್. ಕ್ಯಾಲಿಬ್ರೇಶನ್ ಅಂದರೆ ಉಪಕರಣ ತೋರಿಸುವುದು ಸರಿಯೇ ಎಂದು ಗೊತ್ತಿರುವ ಅಳತೆಗೆ ಹಚ್ಚಿ ನೋಡುವುದು. ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆ ಬೀಳುವ ಹಾಗೆ.

ಹಂತ 1: ಡೆಸಿಬೆಲ್‌ನ ಲೆಕ್ಕಕ್ಕೆ ಒಗ್ಗಿಕೊಳ್ಳಿ

ಕಿವಿಗೆ ಬರುವುದು ಗಾಳಿಯ ಒತ್ತಡದ ಏರಿಳಿತ. ಮನುಷ್ಯನ ಕಿವಿ ಹಿಡಿಯಬಲ್ಲ ಅತಿ ಸಣ್ಣ ಏರಿಳಿತವನ್ನು 20 ಮೈಕ್ರೊಪಾಸ್ಕಲ್ ಎಂದು ಇಟ್ಟುಕೊಂಡು, ಅದಕ್ಕಿಂತ ಎಷ್ಟು ಪಟ್ಟು ಹೆಚ್ಚು ಎಂಬುದನ್ನು ಲಾಗರಿತಮ್‌ನಲ್ಲಿ ಹೇಳುವುದೇ ಡೆಸಿಬೆಲ್. ಹಾಗಾಗಿ ಇಲ್ಲಿ ಮಾಮೂಲಿ ಕೂಡುವ ಲೆಕ್ಕ ನಡೆಯುವುದಿಲ್ಲ. 70 ಡೆಸಿಬೆಲ್‌ನ ಪಂಪಿನ ಪಕ್ಕ ಅಂಥದ್ದೇ ಇನ್ನೊಂದನ್ನು ಓಡಿಸಿದರೆ 140 ಆಗುವುದಿಲ್ಲ, 73 ಆಗುತ್ತದೆ. ಹತ್ತು ಪಂಪು ಓಡಿಸಿದರೆ 80.

ಇದರಿಂದಲೇ ಜನ ಮೋಸ ಹೋಗುವುದು. ‘ಬರೀ 3 ಡೆಸಿಬೆಲ್ ಜಾಸ್ತಿ’ ಎಂದು ಯಾರಾದರೂ ಹೇಳಿದರೆ ಶಬ್ದದ ಶಕ್ತಿ ಎರಡು ಪಟ್ಟಾಗಿದೆ ಎಂದು ಅರ್ಥ. 10 ಹೆಚ್ಚಾದರೆ ಶಕ್ತಿ ಹತ್ತು ಪಟ್ಟು, ಕಿವಿಗೆ ಅನಿಸುವ ಜೋರು ಸುಮಾರು ಎರಡು ಪಟ್ಟು.

ದೂರದ ಲೆಕ್ಕವನ್ನೂ ಇಲ್ಲೇ ತಿಳಿದಿಡಿ. ಒಂದೇ ಕಡೆ ನಿಂತ ಯಂತ್ರದ ಶಬ್ದ ಬಯಲಿನಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. 10 ಮೀಟರಿನಲ್ಲಿ 80 ಇದ್ದ ಜಲ್ಲಿ ಕ್ರಷರ್ 20 ಮೀಟರಿನಲ್ಲಿ 74, 40ರಲ್ಲಿ 68. ಹೆದ್ದಾರಿಯಂತೆ ಉದ್ದಕ್ಕೆ ಹರಡಿದ ಮೂಲವಾದರೆ ಇಳಿಯುವುದು 3 ಮಾತ್ರ. ದೂರ ಬರೆಯದ ವರದಿಯನ್ನು ಒಪ್ಪಬೇಡಿ ಎನ್ನುವುದು ಇದಕ್ಕೇ.

ಹಂತ 2: ಅಂಕಿಯ ಬಾಲದಲ್ಲಿರುವ ಅಕ್ಷರ ನೋಡಿ

ಡಿಬಿ-ಎ, ಡಿಬಿ-ಸಿ, ಡಿಬಿ-ಝಡ್ ಎಂದು ಮೂರು ಬಗೆ. ನಮ್ಮ ಕಿವಿಗೆ ತಗ್ಗು ಸ್ವರ ಕಡಿಮೆ ಕೇಳುತ್ತದೆ, ಮಧ್ಯದ ಮತ್ತು ಎತ್ತರದ ಸ್ವರ ಚೆನ್ನಾಗಿ ಕೇಳುತ್ತದೆ. ‘ಎ’ ತೂಕ ಹಾಕಿದಾಗ ಮೀಟರ್ ಕೂಡ ಹಾಗೆಯೇ ತಗ್ಗು ಸ್ವರವನ್ನು ಕಡಿತ ಮಾಡಿ ಲೆಕ್ಕ ಕೊಡುತ್ತದೆ. ‘ಸಿ’ಯಲ್ಲಿ ಕಡಿತ ಬಹಳ ಕಡಿಮೆ, ‘ಝಡ್’ನಲ್ಲಿ ಇಲ್ಲವೇ ಇಲ್ಲ.

ಕಡಿತ ಎಷ್ಟೆಂದು ಗೊತ್ತಿರಲಿ. ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದು ಆವರ್ತನ, ಅದರ ಅಳತೆ ಹರ್ಟ್ಸ್. 1000 ಹರ್ಟ್ಸ್‌ನಲ್ಲಿ ‘ಎ’ ಏನನ್ನೂ ಕಳೆಯುವುದಿಲ್ಲ. 100 ಹರ್ಟ್ಸ್‌ನಲ್ಲಿ 19 ಡೆಸಿಬೆಲ್, 50 ಹರ್ಟ್ಸ್‌ನಲ್ಲಿ 30 ಡೆಸಿಬೆಲ್ ಕಳೆಯುತ್ತದೆ. ದೊಡ್ಡ ಜನರೇಟರು, ಟ್ರಾನ್ಸ್‌ಫಾರ್ಮರಿನ ಗುಂಯ್ ಎನ್ನುವ ಸದ್ದು, ಕಾರವಾರದ ಬೈತಖೋಲ ಬಂದರಿನಲ್ಲಿ ನಿಂತ ಟ್ರಾಲರಿನ ಡೀಸೆಲ್ ಎಂಜಿನ್ನಿನ ಗುಡುಗುಡು, ಇವೆಲ್ಲದರ ಬಹುಪಾಲು ಈ ತಗ್ಗು ಪಟ್ಟಿಯಲ್ಲೇ ಇದೆ. ಕಿಟಕಿ ಮುಚ್ಚಿದರೂ ಅದು ಒಳಗೆ ಬರುತ್ತದೆ, ರಾತ್ರಿ ತಲೆದಿಂಬಿಗೆ ಕಿವಿಯಿಟ್ಟರೆ ಕೇಳುತ್ತದೆ, ವರದಿಯಲ್ಲಿ ಮಾತ್ರ ಕಾಣುವುದಿಲ್ಲ.

ನಿಮ್ಮ ತೊಂದರೆ ಅಂಥ ಗುಂಯ್‌ಗುಡುವ ಸದ್ದಾದರೆ ಎ ಮತ್ತು ಸಿ ಎರಡರಲ್ಲೂ ಅಳೆಯಲು ಮೊದಲೇ ಲಿಖಿತವಾಗಿ ಕೇಳಿ. ಸಿ ಅಂಕಿ ಎ ಅಂಕಿಗಿಂತ 15–20 ಡೆಸಿಬೆಲ್ ಹೆಚ್ಚಿದ್ದರೆ ತಗ್ಗು ಸ್ವರ ತುಂಬಿದೆ ಎಂದು ತಿಳಿಯಬಹುದು. ಆಗ ಆಕ್ಟೇವ್ ಪಟ್ಟಿಯ ಅಳತೆಯನ್ನೂ ಕೇಳಬೇಕು. ಸಂಗೀತದಲ್ಲಿ ಒಂದು ಸ್ಥಾಯಿಯಿಂದ ಮುಂದಿನ ಸ್ಥಾಯಿಗೆ ಹೋಗುವಷ್ಟು ಅಗಲದ ತುಂಡುಗಳಾಗಿ, ಅಂದರೆ 63, 125, 250, 500 ಹೀಗೆ ಇಮ್ಮಡಿಯಾಗುತ್ತ ಹೋಗುವ ಹರ್ಟ್ಸ್‌ಗಳಲ್ಲಿ ಶಬ್ದವನ್ನು ಬಿಡಿಸಿ ತೋರಿಸುವ ಪಟ್ಟಿ ಅದು.

ಘಟ್ಟದ ಮೇಲಿನವರಿಗೆ ಈ ಪಟ್ಟಿ ಇನ್ನೊಂದು ಕಾರಣಕ್ಕೆ ಬೇಕು. ಬೇಸಿಗೆಯ ಸಂಜೆ ಬೆಟ್ಟದಂಚಿನ ಮನೆಯಲ್ಲಿ ಮೀಟರ್ ಇಟ್ಟರೆ ಜೀರುಂಡೆಯೊಂದೇ ಅಂಕಿಯನ್ನು 50ರ ಆಚೆ ಒಯ್ಯಬಹುದು. ಜೀರುಂಡೆಯ ಸದ್ದು ಕೆಲವು ಸಾವಿರ ಹರ್ಟ್ಸ್‌ನ ಎತ್ತರದಲ್ಲಿರುತ್ತದೆ, ಯಂತ್ರದ್ದು ಕೆಳಗೆ. ಪಟ್ಟಿ ಇದ್ದರೆ ಎರಡನ್ನೂ ಬೇರೆ ಮಾಡಬಹುದು. ಇಲ್ಲದಿದ್ದರೆ ‘ಇಲ್ಲಿ ಮೊದಲಿಂದಲೂ ಗದ್ದಲ ಇತ್ತು’ ಎಂಬ ಮಾತಿಗೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ.

ಹಂತ 3: ಫಾಸ್ಟ್, ಸ್ಲೋ, ಪೀಕ್

ಮೀಟರಿನ ಮುಳ್ಳು ಎಷ್ಟು ಚುರುಕಾಗಿ ಓಡಬೇಕು ಎಂಬುದರ ಹೊಂದಾಣಿಕೆ ಇದು. ಫಾಸ್ಟ್ ಎಂದರೆ 125 ಮಿಲಿಸೆಕೆಂಡ್, ಸ್ಲೋ ಎಂದರೆ 1 ಸೆಕೆಂಡ್. ಚಂಡೆಯ ಒಂದೊಂದು ಪೆಟ್ಟನ್ನು ಫಾಸ್ಟ್ ಹಿಡಿಯುತ್ತದೆ, ಸ್ಲೋ ಅವನ್ನೆಲ್ಲ ಸವರಿ ಬಿಡುತ್ತದೆ. ಪೀಕ್ ಎಂದರೆ ಯಾವ ಸರಾಸರಿಯೂ ಇಲ್ಲದ ಅಲೆಯ ತುತ್ತತುದಿ. ಪಟಾಕಿಯ ಮಿತಿಯನ್ನು ಇದರಲ್ಲೇ ಹೇಳಿದ್ದಾರೆ: ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 145 ಡಿಬಿ-ಸಿ ಪೀಕ್. ಈ 145ನ್ನು ವಸತಿ ಪ್ರದೇಶದ ಹಗಲಿನ ಮಿತಿಯಾದ 55ರ (ಹಂತ 6 ನೋಡಿ) ಪಕ್ಕ ಇಟ್ಟು ಹೋಲಿಸಬೇಡಿ, ಎರಡೂ ಬೇರೆ ಬೇರೆ ಅಳತೆಗೋಲು.

ಹಂತ 4: ಯಾವ ಸರಾಸರಿ? ಇಲ್ಲಿ ನಿಧಾನವಾಗಿ ಓದಿ

ವರದಿಯಲ್ಲಿ ಎಲ್‌ಇಕ್ಯೂ, ಎಲ್‌ಮ್ಯಾಕ್ಸ್, ಎಲ್10, ಎಲ್90 ಎಂಬ ನಾಲ್ಕು ಬಗೆಯ ಅಂಕಿ ಸಿಗಬಹುದು. ಎಲ್‌ಇಕ್ಯೂ ಎಂದರೆ ಏರಿಳಿಯುವ ಶಬ್ದದ ಒಟ್ಟು ಶಕ್ತಿಯನ್ನು ಅಷ್ಟೂ ಹೊತ್ತಿಗೆ ಸಮನಾಗಿ ಹರಡಿದರೆ ಬರುವ ಮಟ್ಟ. ಎಲ್‌ಮ್ಯಾಕ್ಸ್ ಆ ಅವಧಿಯಲ್ಲಿ ಮುಟ್ಟಿದ ಗರಿಷ್ಠ. ಎಲ್10 ಎಂದರೆ ಅವಧಿಯ ಶೇ. 10ರಷ್ಟು ಹೊತ್ತು ಮೀರಿದ್ದ ಮಟ್ಟ, ಎಲ್90 ಎಂದರೆ ಶೇ. 90ರಷ್ಟು ಹೊತ್ತು ಮೀರಿದ್ದ ಮಟ್ಟ. ಎಲ್90ಯನ್ನು ಸಾಮಾನ್ಯವಾಗಿ ಹಿನ್ನೆಲೆ ಶಬ್ದ ಎಂದು ತೆಗೆದುಕೊಳ್ಳುತ್ತಾರೆ.

ಒಂದು ಲೆಕ್ಕ ಮಾಡಿ ನೋಡೋಣ. ಕೊಂಕಣ ರೈಲ್ವೆ ಹಳಿಯ ಹತ್ತಿರದ ಒಂದು ಮನೆ. ರಾತ್ರಿ ಒಂದು ತಾಸಿನಲ್ಲಿ 59 ನಿಮಿಷ 45 ಡೆಸಿಬೆಲ್ ಮೌನ, ಒಂದು ನಿಮಿಷ 80 ಡೆಸಿಬೆಲ್‌ನಲ್ಲಿ ಗೂಡ್ಸ್ ರೈಲು. ಸಾದಾ ಸರಾಸರಿ ಹಾಕಿದರೆ 46 ಬರುತ್ತದೆ. ಎಲ್‌ಇಕ್ಯೂ ಲೆಕ್ಕದಲ್ಲಿ 62. ಎಲ್90 ಅದೇ 45. ಎಲ್10 ಕೂಡ 45, ಏಕೆಂದರೆ ಒಂದು ನಿಮಿಷ ಎಂದರೆ ತಾಸಿನ ಶೇ. 2ಕ್ಕಿಂತ ಕಡಿಮೆ. ಎಲ್‌ಮ್ಯಾಕ್ಸ್ 80. ರೈಲು ಒಂದೇ, ಮನೆ ಒಂದೇ, ಅಂಕಿ ಮಾತ್ರ 45ರಿಂದ 80ರವರೆಗೆ. ಯಾವುದೂ ಸುಳ್ಳಲ್ಲ. ಯಾವುದನ್ನು ಹೇಳಿದ್ದಾರೆ ಎಂದು ಕೇಳದೆ ಇದ್ದರೆ ಮಾತ್ರ ನಾವು ಮೋಸ ಹೋಗುತ್ತೇವೆ.

ಮೊಬೈಲಿನ 90 ಮತ್ತು ಮೀಟರಿನ 62ರ ಜಗಳಕ್ಕೂ ಬಹುಮಟ್ಟಿಗೆ ಇದೇ ಕಾರಣ: ನೀವು ನೋಡಿದ್ದು ಕ್ಷಣದ ಗರಿಷ್ಠ, ಅವರು ಬರೆದಿದ್ದು ತಾಸಿನ ಎಲ್‌ಇಕ್ಯೂ. ಉಳಿದದ್ದು ಮೊಬೈಲಿನ ಮೈಕ್‌ನ ದೋಷ. ಮಾತಿಗೆಂದು ಮಾಡಿದ ಮೈಕ್ ಅದು, ಒಂದೊಂದು ಫೋನಿನಲ್ಲಿ ಒಂದೊಂದು ತರಹ. ಅಮೆರಿಕದ ನಯೋಷ್ ಸಂಸ್ಥೆ ಐಫೋನಿಗೆ ಉಚಿತವಾಗಿ ಕೊಡುವ ಶಬ್ದಮಾಪಕ ಆಪ್ ಎಲ್‌ಇಕ್ಯೂ ಕೂಡ ತೋರಿಸುತ್ತದೆ, ಅಂದಾಜಿಗೆ ಒಳ್ಳೆಯದು. ಆದರೆ ಸಾಕ್ಷ್ಯಕ್ಕೆ ಬೇಕಾದ್ದು ಐಇಸಿ 61672 ಎಂಬ ಮಾನದಂಡದ ಕ್ಲಾಸ್ 1 ಅಥವಾ ಕ್ಲಾಸ್ 2 ಮೀಟರ್. ಎರಡರಲ್ಲಿ ಕ್ಲಾಸ್ 1 ಹೆಚ್ಚು ನಿಖರ.

ಅವಧಿಯ ಬಗ್ಗೆಯೂ ಎಚ್ಚರ. ಯಂತ್ರ ನಿಂತ ಹೊತ್ತನ್ನು ಸೇರಿಸಿದರೆ ಎಲ್‌ಇಕ್ಯೂ ಇಳಿಯುತ್ತದೆ. 16 ತಾಸಿನ ಹಗಲಲ್ಲಿ 8 ತಾಸು ಮಾತ್ರ ಓಡುವ 70 ಡೆಸಿಬೆಲ್‌ನ ಯಂತ್ರ ಇಡೀ ಹಗಲಿನ ಲೆಕ್ಕದಲ್ಲಿ 67 ಆಗುತ್ತದೆ. ಅಳತೆ ಶುರುವಾದ ಮತ್ತು ಮುಗಿದ ಸಮಯ ವರದಿಯಲ್ಲಿ ಇರಲೇಬೇಕು. ಅದರ ಪಕ್ಕದಲ್ಲಿ ಯಂತ್ರ ಎಷ್ಟು ಹೊತ್ತು ಓಡಿತು ಎಂದು ನೀವೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಹಂತ 5: ಮೀಟರ್ ಎಲ್ಲಿತ್ತು, ಸುತ್ತ ಏನಿತ್ತು

ಅಳತೆಯ ಮೊದಲು ಮತ್ತು ನಂತರ ಕ್ಯಾಲಿಬ್ರೇಟರ್ ಎಂಬ ಸಣ್ಣ ಡಬ್ಬಿಯನ್ನು ಮೈಕ್‌ಗೆ ಸಿಕ್ಕಿಸಿ 1000 ಹರ್ಟ್ಸ್‌ನ 94 ಡೆಸಿಬೆಲ್ ಸ್ವರ ಕೊಟ್ಟು ನೋಡುತ್ತಾರೆ. ಹಾಗೆ ಮಾಡುವುದನ್ನು ನೀವು ಕಣ್ಣಾರೆ ನೋಡಿ. ಮೈಕ್ ನೆಲದಿಂದ 1.2ರಿಂದ 1.5 ಮೀಟರ್ ಎತ್ತರದಲ್ಲಿ, ಗೋಡೆಯಿಂದ ಸುಮಾರು 3.5 ಮೀಟರ್ ದೂರದಲ್ಲಿ ಅಂಗಳದ ಬಯಲಿನಲ್ಲಿರಬೇಕು. ಜಗಲಿಯ ಗೋಡೆಗೆ ಹತ್ತಿರವಿದ್ದರೆ ಪ್ರತಿಫಲಿಸಿದ ಶಬ್ದವೂ ಸೇರಿ 3 ಡೆಸಿಬೆಲ್‌ವರೆಗೆ ಹೆಚ್ಚು ತೋರಿಸುತ್ತದೆ, ಎದುರಿನವರು ಅದೊಂದನ್ನೇ ಹಿಡಿದು ಇಡೀ ವರದಿಯನ್ನು ತಳ್ಳಿಹಾಕಬಹುದು.

ಕರಾವಳಿಯಲ್ಲಿ ಮಧ್ಯಾಹ್ನದ ಕಡಲಗಾಳಿ ದೊಡ್ಡ ತಲೆನೋವು. ಮೈಕ್‌ಗೆ ಸ್ಪಂಜಿನ ಗಾಳಿತಡೆ ಹಾಕಿದ್ದರೂ ಗಾಳಿಯ ವೇಗ ಸೆಕೆಂಡಿಗೆ 5 ಮೀಟರ್ ದಾಟಿದರೆ ಅಳೆಯಬಾರದು. ಮಳೆಯಲ್ಲಂತೂ ತಗಡಿನ ಮಾಡು, ಕಪ್ಪೆ, ಅಬ್ಬರಿಸುವ ಸಮುದ್ರ ಎಲ್ಲವೂ ಸೇರಿ ಲೆಕ್ಕ ಕೆಡುತ್ತದೆ. ಆಗುವುದಾದರೆ ದೀಪಾವಳಿ ಕಳೆದ ಮೇಲಿನ ಒಣಹವೆಯ, ಗಾಳಿಯಿಲ್ಲದ ಬೆಳಿಗ್ಗೆಯನ್ನೇ ಆರಿಸಿಕೊಳ್ಳಿ.

ಯಂತ್ರ ನಿಲ್ಲಿಸಿ ಇನ್ನೊಮ್ಮೆ ಅಳೆಯುವುದನ್ನು ಯಾವ ಕಾರಣಕ್ಕೂ ಬಿಡಬೇಡಿ. ಓಡುವಾಗಿನ ಮತ್ತು ನಿಂತಾಗಿನ ಅಂಕಿಗಳ ನಡುವೆ 10ಕ್ಕಿಂತ ಹೆಚ್ಚು ಅಂತರವಿದ್ದರೆ ತಿದ್ದುಪಡಿ ಬೇಡ. 3ರಿಂದ 10ರ ನಡುವೆ ಇದ್ದರೆ ಹಿನ್ನೆಲೆಯನ್ನು ಶಕ್ತಿಯ ಲೆಕ್ಕದಲ್ಲಿ ಕಳೆಯಬೇಕು: ಓಡುವಾಗ 58, ನಿಂತಾಗ 52 ಇದ್ದರೆ ಯಂತ್ರದ ಪಾಲು 56.7. ಅಂತರ 3ಕ್ಕಿಂತ ಕಡಿಮೆಯಾದರೆ ಆ ಜಾಗದಲ್ಲಿ ಆ ಯಂತ್ರವನ್ನು ಅಳೆಯಲಾಗಿಲ್ಲ ಎಂದೇ ಅರ್ಥ. ತೊಂದರೆ ಇಲ್ಲ ಎಂದಲ್ಲ.

ಹಂತ 6: ಮಿತಿಯ ಪಟ್ಟಿಗೆ ಹೋಲಿಸಿ

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಮಿತಿಗಳೆಲ್ಲ ಡಿಬಿ-ಎ ಎಲ್‌ಇಕ್ಯೂನಲ್ಲಿವೆ. ಹಗಲು ಎಂದರೆ ಬೆಳಿಗ್ಗೆ 6ರಿಂದ ರಾತ್ರಿ 10, ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6.

- ಕೈಗಾರಿಕಾ ಪ್ರದೇಶ: ಹಗಲು 75, ರಾತ್ರಿ 70
- ವಾಣಿಜ್ಯ ಪ್ರದೇಶ: 65, 55
- ವಸತಿ ಪ್ರದೇಶ: 55, 45
- ಘೋಷಿತ ನಿಶ್ಶಬ್ದ ವಲಯ: 50, 40

ಮಿತಿಗಿಂತ 10 ಡಿಬಿ-ಎ ಅಥವಾ ಅದಕ್ಕೂ ಹೆಚ್ಚಾದರೆ ಪ್ರಾಧಿಕಾರಕ್ಕೆ ದೂರು ಕೊಡಬಹುದು ಎಂದು ನಿಯಮ ಹೇಳುತ್ತದೆ. ರಾತ್ರಿ ಹೊತ್ತಿನ ನಿರ್ಬಂಧ ಮುರಿದಿದ್ದರೆ ಈ 10ರ ಅಂತರವೂ ಬೇಕಿಲ್ಲ. ನಿಮ್ಮ ಮನೆಯ ಜಾಗವನ್ನು ವರದಿಯಲ್ಲಿ ಯಾವ ವರ್ಗಕ್ಕೆ ಸೇರಿಸಿದ್ದಾರೆ ಎಂದು ಮೊದಲು ನೋಡಿ. ಹೆದ್ದಾರಿ ಪಕ್ಕದ ಮನೆಯನ್ನು ವಾಣಿಜ್ಯ ಎಂದು ಬರೆದುಬಿಟ್ಟರೆ ಅಲ್ಲಿಗೇ 10 ಡೆಸಿಬೆಲ್ ಕೈತಪ್ಪಿತು.

ಹಂತ 7: ಕಂಪನಕ್ಕೆ ಮೂರು ಅಳತೆ

ನೆಲವೋ ಗೋಡೆಯೋ ಎಷ್ಟು ದೂರ ಸರಿಯಿತು ಎಂಬುದು ಸ್ಥಾನಪಲ್ಲಟ, ಅಳತೆ ಮಿ.ಮೀ. ಎಷ್ಟು ವೇಗದಲ್ಲಿ ಸರಿಯಿತು ಎಂಬುದು ಕಂಪನವೇಗ, ಸೆಕೆಂಡಿಗೆ ಮಿ.ಮೀ. ಆ ವೇಗ ಎಷ್ಟು ಬೇಗ ಬದಲಾಯಿತು ಎಂಬುದು ವೇಗೋತ್ಕರ್ಷ. ಕಟ್ಟಡದ ಹಾನಿಗೆ ವೇಗವನ್ನೂ, ಕೈಯಲ್ಲಿ ಹಿಡಿಯುವ ಯಂತ್ರಗಳಿಗೆ ವೇಗೋತ್ಕರ್ಷವನ್ನೂ ನೋಡುತ್ತಾರೆ. ತೋಟದಲ್ಲಿ ದಿನವಿಡೀ ಹುಲ್ಲು ಕತ್ತರಿಸುವ ಯಂತ್ರ ಹಿಡಿಯುವವರು ಕೊಳ್ಳುವಾಗ ಅದರ ಕೈಪಿಡಿಯಲ್ಲಿ ಈ ಅಂಕಿ ಹುಡುಕಿ. ಯುರೋಪಿನ 2002ರ ನಿರ್ದೇಶನದಲ್ಲಿ 8 ತಾಸಿನ ಲೆಕ್ಕಕ್ಕೆ ಇಳಿಸಿದಾಗ 2.5 ದಾಟಿದರೆ ಕ್ರಮ ಕೈಗೊಳ್ಳಬೇಕು, 5 ಎಂದರೆ ಮೇಲಿನ ಮಿತಿ. ಎರಡೂ ಮೀಟರ್ ಪ್ರತಿ ಸೆಕೆಂಡ್ ವರ್ಗದಲ್ಲಿ.

ಹಂತ 8: ಪಿಪಿವಿ, ಅಂದರೆ ಸ್ಫೋಟದ ವರದಿಯ ಜೀವಾಳ

ಸ್ಫೋಟವಾದಾಗ ನೆಲದ ಒಂದು ಕಣ ಅಲ್ಲೇ ಆಚೀಚೆ ಅಲುಗುವ ಗರಿಷ್ಠ ವೇಗವೇ ಪಿಪಿವಿ. ಅಲೆ ನೆಲದೊಳಗೆ ಸಾಗಿ ಬರುವ ವೇಗ ಬೇರೆ, ಇದು ಬೇರೆ. ಸೈಸ್ಮೋಗ್ರಾಫ್ ಉಪಕರಣ ಮೂರು ದಿಕ್ಕಿನಲ್ಲಿ ಇದನ್ನು ದಾಖಲಿಸುತ್ತದೆ: ಸ್ಫೋಟದ ಕಡೆಗೆ ಉದ್ದಕ್ಕೆ, ಅಡ್ಡಕ್ಕೆ, ಮೇಲೆ ಕೆಳಗೆ.

ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ತಾಂತ್ರಿಕ ಸುತ್ತೋಲೆ 7ರಲ್ಲಿ ಮಿತಿಗಳಿವೆ. ಅದು ಗಣಿಗಳಿಗಾಗಿ ಬಂದದ್ದು, ಆದರೂ ಬೇರೆ ಸ್ಫೋಟದ ವರದಿಗಳಲ್ಲೂ ಸಾಮಾನ್ಯವಾಗಿ ಅದನ್ನೇ ಆಧಾರವಾಗಿಡುತ್ತಾರೆ. ಗಣಿ ಮಾಲೀಕನಿಗೆ ಸೇರದ ವಾಸದ ಮನೆಗಳಿಗೆ ಕಂಪನದ ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ ಸೆಕೆಂಡಿಗೆ 5 ಮಿ.ಮೀ., 8ರಿಂದ 25ರವರೆಗೆ 10, ಅದರ ಮೇಲೆ 15. ಹಳೆಯ ಸ್ಮಾರಕ, ಸೂಕ್ಷ್ಮ ಕಟ್ಟಡಗಳಿಗೆ 2, 5, 10. ಮಾಲೀಕನದೇ ಮನೆಗಳಾದರೆ 10, 15, 25.

ಇಲ್ಲಿ ನೋಡಬೇಕಾದ್ದು ಮೂರು.

ಮೊದಲನೆಯದು, ನಿಮ್ಮ ಮನೆಗೆ ಮಾಲೀಕನ ಸಾಲಿನ ಮಿತಿಯನ್ನು ಹಾಕಿದ್ದಾರೆಯೇ? 8 ಹರ್ಟ್ಸ್‌ನ ಕೆಳಗೆ ಅದು ನೇರವಾಗಿ ಎರಡು ಪಟ್ಟು ಸಡಿಲ.

ಎರಡನೆಯದು, ಆವರ್ತನ ಬರೆದಿದೆಯೇ? ಸೆಕೆಂಡಿಗೆ 10 ಮಿ.ಮೀ. ವೇಗ 25 ಹರ್ಟ್ಸ್‌ನಲ್ಲಿದ್ದರೆ ನೆಲ ಸರಿಯುವುದು 0.06 ಮಿ.ಮೀ., 5 ಹರ್ಟ್ಸ್‌ನಲ್ಲಿದ್ದರೆ 0.32 ಮಿ.ಮೀ. ಒಂದೆರಡು ಅಂತಸ್ತಿನ ಮನೆಗಳು ತಾವಾಗಿ ತೂಗುವ ಸಹಜ ಆವರ್ತನ ಹೆಚ್ಚಾಗಿ 4ರಿಂದ 12 ಹರ್ಟ್ಸ್. ಹೊರಗಿನ ಕಂಪನ ಅದಕ್ಕೆ ತಾಳೆಯಾದರೆ ಉಯ್ಯಾಲೆಗೆ ಸರಿಯಾದ ಹೊತ್ತಿಗೆ ಕೈಹಚ್ಚಿದ ಹಾಗೆ ಅಲುಗಾಟ ಬೆಳೆಯುತ್ತದೆ. ಇದೇ ಅನುರಣನೆ. ಆವರ್ತನವಿಲ್ಲದ ಪಿಪಿವಿ ಅಂಕಿಯನ್ನು ಯಾವ ಸಾಲಿಗೂ ಹೋಲಿಸಲು ಬರುವುದಿಲ್ಲ.

ಮೂರನೆಯದು ಟ್ರಿಗರ್ ಮಟ್ಟ, ಅಂದರೆ ಕಂಪನ ಎಷ್ಟಾದ ಮೇಲೆ ಉಪಕರಣ ದಾಖಲಿಸಲು ಶುರುಮಾಡಬೇಕು ಎಂಬ ಹೊಂದಾಣಿಕೆ. ಅದನ್ನು 2 ಮಿ.ಮೀ.ಗೆ ಇಟ್ಟಿದ್ದರೆ 1.9ರ ಕಂಪನ ದಾಖಲಾಗುವುದೇ ಇಲ್ಲ. ‘ದಾಖಲೆ ಇಲ್ಲ’ ಎಂಬುದನ್ನು ‘ಕಂಪನ ಇಲ್ಲ’ ಎಂದು ಓದಬೇಡಿ.

ಸಂವೇದಕವನ್ನು ಮನೆಯ ಅಡಿಪಾಯದಿಂದ 3 ಮೀಟರ್ ಒಳಗೆ, ಸ್ಫೋಟದ ಕಡೆಯ ಮಗ್ಗುಲಲ್ಲಿ, ಗಟ್ಟಿ ನೆಲದಲ್ಲಿ ಹೂಳಿ ಅಥವಾ ಮೊಳೆಯೂರಿ ಇಡಬೇಕು. ಹೊಸದಾಗಿ ಮಣ್ಣು ತುಂಬಿದ ಹಿತ್ತಿಲಿನಲ್ಲೋ, ಅಟ್ಟದ ಹಲಗೆಯ ಮೇಲೋ ಇಟ್ಟರೆ ಅಂಕಿ ಕೆಟ್ಟಿತು.

ಇನ್ನು ಹಂಚಿನ ಪ್ರಶ್ನೆ. ಮೇಲಿನ ಮಿತಿಗಳು ಕಟ್ಟಡ ಒಡೆಯದಿರಲು ಹಾಕಿದವು. ಮನುಷ್ಯನಿಗೆ ಮನೆಯೊಳಗೆ ಸೆಕೆಂಡಿಗೆ 0.3 ಮಿ.ಮೀ. ಕಂಪನವೇ ತಿಳಿಯುತ್ತದೆ, 1 ಮಿ.ಮೀ. ಬಂದರೆ ದೂರುಗಳು ಬರುತ್ತವೆ ಎಂದು ಬ್ರಿಟಿಷ್ ಮಾನದಂಡವೊಂದು ಗುರುತಿಸಿದೆ. ಹಾಗಾಗಿ ‘ಮಿತಿಯೊಳಗಿದೆ’ ಎನ್ನುವುದೂ ನಿಜ, ನಿಮಗೆ ಅದುರಿದ್ದೂ ನಿಜ. ಅದರ ಜೊತೆಗೆ ಏರ್‌ಬ್ಲಾಸ್ಟ್, ಅಂದರೆ ಸ್ಫೋಟದಿಂದ ಗಾಳಿಯಲ್ಲಿ ಬರುವ ಒತ್ತಡದ ಅಲೆ. ಹಂಚು, ಕಿಟಕಿಯ ಗಾಜು ಗಡಗಡ ಎನ್ನುವುದು ಹೆಚ್ಚಾಗಿ ಇದರಿಂದ. ನೆಲದ ಅಲೆ ಕ್ಷಣದಲ್ಲಿ ಬಂದುಬಿಡುತ್ತದೆ, ಗಾಳಿಯದು ಸೆಕೆಂಡಿಗೆ ಸುಮಾರು 340 ಮೀಟರ್. 700 ಮೀಟರ್ ದೂರದ ಮನೆಗೆ ಅದು ಎರಡು ಸೆಕೆಂಡ್ ತಡವಾಗಿ ಮುಟ್ಟುತ್ತದೆ, ಎರಡು ಸ್ಫೋಟ ಆದಂತೆ ಅನಿಸುತ್ತದೆ. ನಿಮ್ಮ ಮನೆಯಲ್ಲಿ ಮೊದಲು ಅದುರಿದ್ದು ನೆಲವೋ, ಆಮೇಲೆ ಗಡಗಡ ಎಂದಿದ್ದು ಹಂಚೋ ಎಂದು ಬರೆದಿಟ್ಟರೆ ಅಳೆಯುವವರಿಗೆ ಬಹಳ ಉಪಯೋಗ. ಏರ್‌ಬ್ಲಾಸ್ಟ್‌ನ ಹೆಚ್ಚಿನ ಶಕ್ತಿ ಕಿವಿಗೆ ಕೇಳದಷ್ಟು ತಗ್ಗಿನಲ್ಲಿರುವುದರಿಂದ ಅದನ್ನು ತೂಕವಿಲ್ಲದ ಡೆಸಿಬೆಲ್‌ನಲ್ಲಿ ಅಳೆಯಬೇಕು, ಡಿಬಿ-ಎ ಬಳಸಿದ್ದರೆ ಆ ಅಂಕಿಗೆ ಬೆಲೆಯಿಲ್ಲ.

ಪ್ರತಿ ಡಿಲೇಗೆ ಗರಿಷ್ಠ ಮದ್ದು ಎಂಬ ಅಂಕಿಯನ್ನೂ ಕೇಳಿ ಪಡೆಯಿರಿ. ಒಂದು ಸ್ಫೋಟದ ಕುಳಿಗಳು ಒಟ್ಟಿಗೆ ಸಿಡಿಯುವುದಿಲ್ಲ, ಮಿಲಿಸೆಕೆಂಡುಗಳ ಅಂತರದಲ್ಲಿ ಸಿಡಿಯುತ್ತವೆ. ಒಂದೇ ಕ್ಷಣಕ್ಕೆ ಸಿಡಿದ ಮದ್ದಿನ ತೂಕವೇ ಕಂಪನವನ್ನು ನಿರ್ಧರಿಸುವುದು. ದೂರವನ್ನು ಆ ತೂಕದ ವರ್ಗಮೂಲದಿಂದ ಭಾಗಿಸಿದರೆ ಸಿಗುವುದು ಸ್ಕೇಲ್ಡ್ ಡಿಸ್ಟೆನ್ಸ್. 200 ಮೀಟರಿನಲ್ಲಿ 16 ಕೆ.ಜಿ., 100 ಮೀಟರಿನಲ್ಲಿ 4 ಕೆ.ಜಿ., ಎರಡಕ್ಕೂ 50 ಬರುತ್ತದೆ, ಅಂದಾಜು ಕಂಪನವೂ ಒಂದೇ. ಅಳತೆಯ ದಿನ ಮದ್ದು ಕಡಿಮೆ ಹಾಕಿದ್ದರೆ ಈ ಅಂಕಿಯಲ್ಲಿ ಸಿಕ್ಕಿಬೀಳುತ್ತದೆ.

ಹಂತ 9: ಮನೆ, ಗಿರಣಿಯ ಯಂತ್ರಗಳು

ಮೋಟಾರಿನ ಸುತ್ತನ್ನು 60ರಿಂದ ಭಾಗಿಸಿ: ನಿಮಿಷಕ್ಕೆ 1440 ಸುತ್ತು ಅಂದರೆ 24 ಹರ್ಟ್ಸ್. ಕಂಪನ ಸರಿಯಾಗಿ 24ರಲ್ಲೇ ಹೆಚ್ಚಿದ್ದರೆ ಸಾಮಾನ್ಯವಾಗಿ ಚಕ್ರದ ತೂಕ ಒಂದು ಕಡೆ ವಾಲಿದೆ, 48ರಲ್ಲಿದ್ದರೆ ಜೋಡಣೆ ಓರೆಯಾಗಿರಬಹುದು. ಇಷ್ಟು ತಿಳಿಯಲು ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆಪ್ ಸಾಕು. ಪಿಪಿವಿ ಅಳೆಯಲು ಅದನ್ನು ನಂಬಬೇಡಿ.

ಯಂತ್ರದ ವರದಿಯಲ್ಲೂ ಸೆಕೆಂಡಿಗೆ ಮಿ.ಮೀ. ಎಂದೇ ಇರುತ್ತದೆ. ಆದರೆ ಅದು ಆರ್‌ಎಂಎಸ್, ಅಂದರೆ ಶಕ್ತಿಗೆ ಸರಿದೂಗುವ ಸರಾಸರಿ. ಪಿಪಿವಿ ತುತ್ತತುದಿ. ಒಂದೇ ಸಮನಾದ ಕಂಪನದಲ್ಲಿ ತುದಿ ಆರ್‌ಎಂಎಸ್‌ನ 1.41 ಪಟ್ಟು, ಸ್ಫೋಟದಂಥದ್ದರಲ್ಲಿ ಇನ್ನೂ ಬಹಳ ಹೆಚ್ಚು. ಸ್ಫೋಟದ ವರದಿಯಲ್ಲಿ ಆರ್‌ಎಂಎಸ್ ಎಂದು ಕಂಡರೆ ಅಲ್ಲೇ ಗೆರೆ ಎಳೆದು ಪ್ರಶ್ನೆ ಕೇಳಿ.

ಹಂತ 10: ಬರೆದು ಕೇಳಿ

ಕಂಪನದ ಕೆಲಸ ಶುರುವಾಗುವ ಮೊದಲೇ ಮನೆಯ ಬಿರುಕುಗಳಿಗೆಲ್ಲ ಪಕ್ಕದಲ್ಲಿ ಸ್ಕೇಲ್ ಇಟ್ಟು ತಾರೀಖಿನೊಂದಿಗೆ ಫೋಟೊ ತೆಗೆದಿಡಿ. ಚಿರೆಕಲ್ಲಿನ ಗೋಡೆಗಳು ಮಳೆಗಾಲದ ತೇವ, ಬೇಸಿಗೆಯ ಒಣಗಿಗೂ ಬಿರುಕು ಬಿಡುತ್ತವೆ. ಹಳೆಯದು ಯಾವುದು, ಹೊಸದು ಯಾವುದು ಎಂದು ತೋರಿಸುವ ಹೊಣೆ ಕೊನೆಗೆ ನಿಮ್ಮ ಮೇಲೇ ಬೀಳುತ್ತದೆ.

ಪತ್ರದಲ್ಲಿ ‘ತುಂಬಾ ಶಬ್ದ’ ಎಂದು ಬರೆಯುವ ಬದಲು ಹೀಗೆ ಬರೆಯಿರಿ: ‘ನಮ್ಮ ಅಂಗಳದಲ್ಲಿ, ಯಂತ್ರದಿಂದ 40 ಮೀಟರ್ ದೂರದಲ್ಲಿ, ರಾತ್ರಿ 10.15ರಿಂದ 11.15ರವರೆಗೆ ಎಲ್‌ಇಕ್ಯೂ 58 ಡಿಬಿ-ಎ, 74 ಡಿಬಿ-ಸಿ. ಯಂತ್ರ ನಿಂತಾಗ 41 ಡಿಬಿ-ಎ. ಕ್ಲಾಸ್ 2 ಮೀಟರ್. ಮಳೆ, ಗಾಳಿ ಇರಲಿಲ್ಲ.’ ಜಿಲ್ಲಾಧಿಕಾರಿ, ಪೊಲೀಸ್, ಮಾಲಿನ್ಯ ನಿಯಂತ್ರಣ ಮಂಡಳಿ, ಯಾರಿಗೆ ಕೊಟ್ಟರೂ ಈ ಒಂದು ವಾಕ್ಯವನ್ನು ಪಕ್ಕಕ್ಕಿಡುವುದು ಸುಲಭವಲ್ಲ.

ವರದಿ ಕೈಗೆ ಬಂದ ದಿನವೇ ಉಪಕರಣದ ಮೂಲ ದತ್ತಾಂಶದ ಫೈಲಿನ ಪ್ರತಿಯನ್ನೂ ಬರೆದು ಕೇಳಿ. ಉಪಕರಣದ ಮೆಮೊರಿ ತುಂಬಿದ ಮೇಲೆ ಹಳೆಯದನ್ನು ಅಳಿಸಿ ಮುಂದಿನ ಕೆಲಸಕ್ಕೆ ಒಯ್ಯುತ್ತಾರೆ, ಆಮೇಲೆ ಕೇಳಿದರೆ ಯಾರ ಹತ್ತಿರವೂ ಇರುವುದಿಲ್ಲ.